ಕಟ್ಟಿದ ಮೂಗಿಗೆ ಚೀನೀ ಕಷಾಯ: ಯಾವುದು, ಎಷ್ಟು, ಹೇಗೆ, ಯಾರಿಗೆ ಬೇಡ

ಸಿಂಗಾಪುರ, ಮಲೇಷ್ಯಾ, ಹಾಂಗ್‌ಕಾಂಗ್‌ನಲ್ಲಿ ಇರುವ ಕನ್ನಡಿಗರು ಮನೆಯಿಂದ ಮೆಟ್ರೋ ಸ್ಟೇಷನ್‌ಗೆ ಹೋಗುವಷ್ಟರಲ್ಲಿ ಒಂದಾದರೂ ಚೀನೀ ಔಷಧಿ ಅಂಗಡಿ ದಾಟುತ್ತಾರೆ. ಗೋಡೆ ತುಂಬಾ ಸಣ್ಣ ಸಣ್ಣ ಮರದ ಡ್ರಾಯರ್‌ಗಳು, ಒಳಗೆ ಒಣಗಿದ ಬೇರು, ಹೂವು, ತೊಗಟೆ. ನಮ್ಮ ಗ್ರಂಧಿಗೆ ಅಂಗಡಿಯ ವಾಸನೆಯೇ. ಮೂಗು ಕಟ್ಟಿ ವಾರವಾದರೆ, ಅಲರ್ಜಿ ಮಾತ್ರೆ ತಿಂದು ತಿಂದು ನಿದ್ದೆ ಹೆಚ್ಚಾದರೆ, ಒಮ್ಮೆ ಒಳಗೆ ಹೋಗಿ ಕೇಳೋಣ ಅನ್ನಿಸುವುದು ಸಹಜ. ಬೆಂಗಳೂರಿನಲ್ಲಿ ಕೂತು ಆನ್‌ಲೈನ್‌ನಲ್ಲಿ ತರಿಸುವವರೂ ಇದ್ದಾರೆ. ಇದು ಅವರಿಬ್ಬರಿಗೂ ಬರೆದದ್ದು.

ಮೊದಲೇ ಒಂದು ಮಾತು. ಈ ಗಿಡಮೂಲಿಕೆಗಳು ಅಲರ್ಜಿಯನ್ನು ಬೇರು ಸಮೇತ ಕಿತ್ತುಹಾಕುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2015ರಲ್ಲಿ ಮೂಗಿನ ಅಲರ್ಜಿಗೆ ಮಾರ್ಗಸೂಚಿ ತಂದಿತು. ಗಿಡಮೂಲಿಕೆಯ ವಿಷಯದಲ್ಲಿ ಅದು ಮಾಡಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಆಧಾರ ಸಾಲದು ಅಂತ ಅರ್ಥ. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಮೂಗಿನ ಸ್ಪ್ರೇ ನಿಮಗೆ ಕೆಲಸ ಮಾಡುತ್ತಿದ್ದರೆ ಅದನ್ನು ಬಿಟ್ಟು ಇಲ್ಲಿಗೆ ಬರಬೇಡಿ. ಜೊತೆಗೆ ಮಾಡಬಹುದಾದದ್ದು ಏನು ಅಂತ ನೋಡೋಣ.

ಮೊದಲು ಮೂಗನ್ನು ನೋಡಿಕೊಳ್ಳಿ

ಅಂಗಡಿಗೆ ಹೋಗಿ "ಮೂಗಿಗೆ ಏನಾದರೂ ಕೊಡಿ" ಅಂದರೆ ಆಗುವುದಿಲ್ಲ. ಚೀನೀ ವೈದ್ಯದಲ್ಲಿ ಮೂಗು ಕಟ್ಟುವುದು ಒಂದೇ ಕಾಯಿಲೆಯಲ್ಲ. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಕಡಿತ ಇದ್ದರೆ ಅದಕ್ಕೆ ಬಿ ಚಿಯು ಅನ್ನುತ್ತಾರೆ. ನಾವು ಅಲರ್ಜಿ ಅನ್ನುವುದು ಹೆಚ್ಚುಕಡಿಮೆ ಇದನ್ನೇ. ಗಟ್ಟಿ ಹಳದಿ ಸಿಂಬಳ, ಹಣೆ ಭಾರ, ವಾಸನೆ ಗೊತ್ತಾಗದಿರುವುದು ಇದ್ದರೆ ಅದು ಬಿ ಯುವಾನ್, ನಮ್ಮ ಮಾತಿನಲ್ಲಿ ಸೈನಸ್.

ಅದರ ಮೇಲೆ ಇನ್ನೊಂದು ಲೆಕ್ಕ ಇದೆ: ಶೀತವೋ, ಉಷ್ಣವೋ, ನಿಶ್ಶಕ್ತಿಯೋ. ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಂಬಳ ತೆಳ್ಳಗೆ, ಬೆಳ್ಳಗೆ, ಚಳಿಗಾಳಿ ಬಡಿದರೆ ಜಾಸ್ತಿ, ಬಾಯಾರಿಕೆ ಇಲ್ಲ ಅಂದರೆ ಶೀತದ ಕಡೆ. ಸಿಂಬಳ ಹಳದಿ, ಗಂಟಲು ಉರಿ, ನಾಲಿಗೆ ಕೆಂಪು ಅಂದರೆ ಉಷ್ಣದ ಕಡೆ. ವರ್ಷವಿಡೀ ಬರುತ್ತದೆ, ಸ್ವಲ್ಪ ನೆನೆದರೂ ನೆಗಡಿ, ಬೇಗ ಸುಸ್ತು, ಸುಮ್ಮನೆ ಬೆವರು ಅಂದರೆ ನಿಶ್ಶಕ್ತಿ. ಶೀತಕ್ಕೆ ಕೊಡುವ ಖಾರದ, ಬಿಸಿ ಗುಣದ ಮೂಲಿಕೆಯನ್ನು ಉಷ್ಣದವರಿಗೆ ಕೊಟ್ಟರೆ ತೊಂದರೆ ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ಈ ಸಿದ್ಧಾಂತವನ್ನು ನೀವು ಪೂರ್ತಿ ಒಪ್ಪಬೇಕಿಲ್ಲ. ಆದರೆ ಅವರ ಔಷಧಿಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿರುವುದರಿಂದ, ನಿಮ್ಮ ಮೂಗು ಯಾವ ಸಾಲಿನದು ಅಂತ ಗೊತ್ತಿಲ್ಲದೆ ಡಬ್ಬಿ ಆರಿಸಲಾಗದು.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ಮೆಡಿಕಲ್ ಶಾಪ್‌ನ ಮೂಗಿನ ಡ್ರಾಪ್ಸ್ ವಾರಗಟ್ಟಲೆ ಹಾಕುತ್ತಿದ್ದೀರಾ? ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಇರುವ ಡ್ರಾಪ್ಸನ್ನು ಕೆಲವು ದಿನಕ್ಕಿಂತ ಹೆಚ್ಚು ಬಳಸಿದರೆ, ಅವುಗಳಿಂದಲೇ ಮೂಗು ಮತ್ತೆ ಕಟ್ಟಲು ಶುರುವಾಗುತ್ತದೆ. ಹಾಗಾಗಿದ್ದರೆ ಯಾವ ದೇಶದ ಕಷಾಯವೂ ಉಪಯೋಗಕ್ಕೆ ಬಾರದು. ಮೊದಲು ವೈದ್ಯರನ್ನು ಕೇಳಿ ಡ್ರಾಪ್ಸ್ ಬಿಡಬೇಕು.

ಅಡುಗೆಮನೆಯಿಂದಲೇ ಶುರು ಮಾಡಿ

ಶೀತದ ನೆಗಡಿ ಶುರುವಾದ ಮೊದಲ ದಿನ ಅಂಗಡಿಗೆ ಓಡುವ ಅಗತ್ಯವಿಲ್ಲ. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯ ತುರ್ತು ಚಿಕಿತ್ಸೆಗಳ ಒಂದು ಕೈಪಿಡಿ ಬರೆದಿದ್ದ. ಚೀನಾದ ವಿಜ್ಞಾನಿ ತು ಯೂಯೂ ಮಲೇರಿಯಾ ಔಷಧಿಗೆ ಸುಳಿವು ಪಡೆದು, ಮುಂದೆ 2015ರಲ್ಲಿ ನೊಬೆಲ್ ಗಳಿಸಲು ಕಾರಣವಾದ ಕೈಪಿಡಿ ಅದೇ. ಅದರಲ್ಲಿ ನೆಗಡಿಗೆ ಹೇಳಿರುವುದು ಎಳೆ ಈರುಳ್ಳಿಯ ಬಿಳಿ ಬುಡ ಮತ್ತು ಹುದುಗಿಸಿದ ಕಪ್ಪು ಸೋಯಾ ಕಾಳು, ಅಷ್ಟೇ. ಈಗ ಮನೆಗಳಲ್ಲಿ ಸೋಯಾ ಬದಲು ಶುಂಠಿ ಹಾಕುವುದು ಹೆಚ್ಚು.

ಮಾಡುವುದು ಹೀಗೆ. ಸೊಪ್ಪಿನ ಜೊತೆ ಬರುವ ಎಳೆ ಈರುಳ್ಳಿಯಲ್ಲಿ ಮೂರು ಬುಡ ತೆಗೆದುಕೊಳ್ಳಿ. ಬೇರಿನ ನಾರು ಕತ್ತರಿಸಬೇಡಿ, ಮಣ್ಣು ಹೋಗುವಂತೆ ತೊಳೆಯಿರಿ ಸಾಕು. ಹಸಿ ಶುಂಠಿ 10 ಗ್ರಾಂ, ಸಿಪ್ಪೆ ಸಮೇತ ಬಿಲ್ಲೆ ಮಾಡಿ. ಚೀನೀ ಅಥವಾ ಕೊರಿಯನ್ ಅಂಗಡಿಯಲ್ಲಿ ಪೆರಿಲ್ಲಾ ಎಲೆ ಸಿಕ್ಕರೆ ಐದಾರು ಎಲೆ. ಅರ್ಧ ಲೀಟರ್ ನೀರಿನಲ್ಲಿ ಶುಂಠಿಯನ್ನು ಹತ್ತು ನಿಮಿಷ ಕುದಿಸಿ. ಆಮೇಲೆ ಈರುಳ್ಳಿ ಬುಡ, ಎಲೆ ಹಾಕಿ ಮುಚ್ಚಿ, ಮೂರು ನಾಲ್ಕು ನಿಮಿಷದಲ್ಲಿ ಇಳಿಸಿ. ಬಿಸಿಯಾಗಿಯೇ ಕುಡಿದು ಹೊದ್ದು ಮಲಗಿ. ಸಣ್ಣಗೆ ಬೆವರಿದರೆ ಸಾಕು, ಬಟ್ಟೆ ಒದ್ದೆಯಾಗುವಷ್ಟು ಬೇಡ.

ಮೆಣಸು, ಜೀರಿಗೆ, ತುಳಸಿ ಕಷಾಯ ಕುಡಿದು ಬೆಳೆದವರಿಗೆ ಇದು ಹೊಸದೇನಲ್ಲ. ವ್ಯತ್ಯಾಸ ಒಂದೇ: ನಾವು ಗಟ್ಟಿಯಾಗುವವರೆಗೆ ಕುದಿಸಿ ಇಂಗಿಸುತ್ತೇವೆ. ಅವರು ವಾಸನೆ ಇರುವ ಪದಾರ್ಥವನ್ನು ಹೆಚ್ಚು ಕುದಿಸುವುದಿಲ್ಲ, ಎಣ್ಣೆಯ ಅಂಶ ಹಬೆಯಲ್ಲಿ ಹೋಗಿಬಿಡುತ್ತದೆ ಅಂತ. ಇದು ಮುಂದಿನ ಕಷಾಯಕ್ಕೂ ಮುಖ್ಯ.

ಮೂಗಿನ ಮುಖ್ಯ ಕಷಾಯ

ಚೀನೀ ಅಂಗಡಿಯಲ್ಲಿ ಮೂಗಿನ ಔಷಧಿ ಯಾವುದನ್ನು ಎತ್ತಿಕೊಂಡರೂ, ಅದರ ಮೂಲ ಹೆಚ್ಚಾಗಿ ಒಂದೇ ಯೋಗ, ಅಂದರೆ ಮೂಲಿಕೆಗಳ ಮಿಶ್ರಣ: ತ್ಸಾಂಗ್ ಅರ್ ತ್ಸ ಸಾನ್. ಸಾಂಗ್ ವಂಶದ ಕಾಲದಲ್ಲಿ ಯಾನ್ ಯೋಂಗ್‌ಹೆ 1253ರಲ್ಲಿ ಬರೆದ ಗ್ರಂಥದಲ್ಲಿ ಇದು ಬರುತ್ತದೆ. ನಾಲ್ಕೇ ಪದಾರ್ಥ.

ಮೊದಲನೆಯದು ಶಿನ್ ಯಿ. ಮ್ಯಾಗ್ನೋಲಿಯಾ ಮರದ ಮೊಗ್ಗು, ನಮ್ಮ ಸಂಪಿಗೆಯ ಕುಟುಂಬದ್ದೇ. ಚಳಿಗಾಲದ ಕೊನೆಯಲ್ಲಿ, ಹೂ ಬಿರಿಯುವ ಮೊದಲು ಕೀಳುತ್ತಾರೆ. ಮೈ ತುಂಬಾ ಬೂದು ಬಣ್ಣದ ರೋಮ. ಮುರಿದರೆ ಕರ್ಪೂರದಂಥ ಗಾಢ ವಾಸನೆ ಬರಬೇಕು, ಬರದಿದ್ದರೆ ಹಳೆಯ ಮಾಲು.

ಎರಡನೆಯದು ಬಾಯ್ ಜಿ (白芷). ಬಿಳಿ ಬೇರಿನ ಬಿಲ್ಲೆ, ಹಣೆ ನೋವಿಗೆ. ಇದಕ್ಕೂ ಮುಂದೆ ಬರುವ ಬಾಯ್ ಜುಗೂ (白术) ಹೆಸರು ಹತ್ತಿರ, ಆದರೆ ಕೆಲಸ ಬೇರೆ. ಉಚ್ಚಾರ ನಂಬಬೇಡಿ, ಫೋನಿನಲ್ಲಿ ಚೀನೀ ಅಕ್ಷರಗಳನ್ನೇ ತೋರಿಸಿ ಕೇಳಿ. ಹೆಸರಿನ ಗೊಂದಲ ಸಣ್ಣ ವಿಷಯವಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಯೊಳಗೆ ಒಂದು ಬೇರಿನ ಬದಲು, ಹತ್ತಿರದ ಹೆಸರಿನ ಇನ್ನೊಂದು ಬೇರು ಸೇರಿಹೋಯಿತು. 100ಕ್ಕೂ ಹೆಚ್ಚು ಮಹಿಳೆಯರ ಕಿಡ್ನಿ ಹಾಳಾಯಿತು.

ಮೂರನೆಯದು ಬೋ ಹೆ, ಮೆಂಥಾಲ್ ಇರುವ ಜಾತಿಯ ಪುದೀನ. ನಮ್ಮ ಸಂತೆಯಲ್ಲಿ ಚಟ್ನಿಗೆ ಸಿಗುವ ಪುದೀನ ಹೆಚ್ಚಾಗಿ ಬೇರೆ ಜಾತಿ, ಅದರಲ್ಲಿ ಮೆಂಥಾಲ್ ಬಹಳ ಕಡಿಮೆ. ಅಂದಹಾಗೆ ಮೆಂಥಾಲ್ ಮೂಗಿನ ಊತವನ್ನು ಇಳಿಸುವುದಿಲ್ಲ. ಮೂಗಿನೊಳಗಿನ ತಂಪು ಗ್ರಹಿಸುವ ನರಗಳನ್ನು ಎಚ್ಚರಿಸುತ್ತದೆ. ಗಾಳಿ ಹೆಚ್ಚು ಹೋಗುತ್ತಿದೆ ಅಂತ ನಮಗೆ ಅನ್ನಿಸುತ್ತದೆ ಅಷ್ಟೇ. ರಾತ್ರಿ ನಿದ್ದೆ ಬರಲು ಅಷ್ಟಾದರೂ ಸಾಕಲ್ವಾ?

ನಾಲ್ಕನೆಯದು ಯೋಗಕ್ಕೆ ಹೆಸರು ಕೊಟ್ಟ ತ್ಸಾಂಗ್ ಅರ್ ತ್ಸ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಇದು ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿ. ಕರ್ನಾಟಕದಲ್ಲಿ ಕೆರೆ ಅಂಚು, ಪಾಳು ಜಾಗದಲ್ಲಿ ಬೆಳೆಯುವ ಮರುಳುಮ್ಮತ್ತಿ ಇದೇ ಗಿಡ. ಹಾಗಂತ ಕಿತ್ತು ತಂದು ಕುದಿಸಬೇಡಿ, ದಯವಿಟ್ಟು. ಹಸಿ ಕಾಯಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಮೊಳಕೆಯಲ್ಲಿ, ಯಕೃತ್ತನ್ನು ಕೆಡಿಸುವ ವಿಷವಿದೆ. 2007ರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್ ಕಡೆ, ನೆರೆ ಬಂದು ಆಹಾರಕ್ಕೆ ಕಷ್ಟವಾದಾಗ ಜನ ಇದರ ಎಳೆ ಸಸಿಯನ್ನು ಸೊಪ್ಪಿನಂತೆ ಬೇಯಿಸಿ ತಿಂದರು. 76 ಮಂದಿ ಹಾಸಿಗೆ ಹಿಡಿದರು, 19 ಜನ ಸತ್ತರು. ಚೀನೀ ವೈದ್ಯರಿಗೆ ಈ ವಿಷ ಮೊದಲಿನಿಂದ ಗೊತ್ತು. ಅದಕ್ಕೇ ಮುಳ್ಳು ಉದುರಿ ಕಾಯಿ ಕಂದುಹಳದಿ ಆಗುವವರೆಗೆ ಒಣ ಬಾಣಲೆಯಲ್ಲಿ ಹುರಿದು ಬಳಸುತ್ತಾರೆ. ಹುರಿದ ಮೇಲೂ ಪ್ರಮಾಣ ಮೀರುವಂತಿಲ್ಲ, ತಿಂಗಳುಗಟ್ಟಲೆ ಕುಡಿಯುವಂತಿಲ್ಲ.

ನನ್ನ ಸಲಹೆ ನೇರವಾಗಿದೆ: ಮನೆಯಲ್ಲಿ ನೀವೇ ಮಾಡಿಕೊಳ್ಳುವುದಾದರೆ ಈ ನಾಲ್ಕನೆಯದನ್ನು ಬಿಟ್ಟೇ ಮಾಡಿ. ನೋಂದಾಯಿತ ಚೀನೀ ವೈದ್ಯರು ನಾಡಿ ನೋಡಿ, ಅಳೆದು ಕೊಟ್ಟರೆ ಅದು ಬೇರೆ ಮಾತು. ಸಿಂಗಾಪುರ, ಹಾಂಗ್‌ಕಾಂಗ್‌ಗಳಲ್ಲಿ ಅಂಥವರಿಗೆ ಕಾನೂನಿನ ನೋಂದಣಿ ಇದೆ, ಕೇಳಿ ನೋಡಬಹುದು. ಭಾರತದಲ್ಲಿ ಆಯುಷ್ ಪಟ್ಟಿಯಲ್ಲಿ ಚೀನೀ ಗಿಡಮೂಲಿಕೆ ವೈದ್ಯ ಇಲ್ಲ. ಹಾಗಾಗಿ ಇಲ್ಲಿ ತರಿಸುವವರಿಗೆ ಕೇಳಲು ಯಾರೂ ಇರುವುದಿಲ್ಲ.

ಕುದಿಸುವ ಕ್ರಮ

ಒಬ್ಬ ದೊಡ್ಡವರಿಗೆ ಒಂದು ದಿನಕ್ಕೆ ಶಿನ್ ಯಿ 6 ಗ್ರಾಂ, ಬಾಯ್ ಜಿ 6 ಗ್ರಾಂ, ಬೋ ಹೆ 3 ಗ್ರಾಂ. ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಚಮಚದ ಅಳತೆ ಇಲ್ಲಿ ಕೈಕೊಡುತ್ತದೆ, ಮೊಗ್ಗು ಹಗುರ, ಬೇರು ಭಾರ.

ಪಾತ್ರೆ ಮಣ್ಣಿನದು, ಗಾಜಿನದು ಅಥವಾ ಸ್ಟೀಲಿನದು ಇರಲಿ. ಕಬ್ಬಿಣ, ಅಲ್ಯೂಮಿನಿಯಂ ಬೇಡ. ಶಿನ್ ಯಿ ಮೊಗ್ಗುಗಳನ್ನು ಸ್ವಲ್ಪ ಜಜ್ಜಿ ತೆಳು ಮಲ್ ಬಟ್ಟೆಯಲ್ಲಿ ಗಂಟು ಕಟ್ಟಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗಂಟು ಕಟ್ಟದಿದ್ದರೆ ಅದರ ರೋಮ ಕಷಾಯದಲ್ಲಿ ತೇಲಿ ಗಂಟಲಿಗೆ ಹೋಗುತ್ತದೆ, ಕೆಮ್ಮು ಹಿಡಿಯುತ್ತದೆ. ಮೂಗು ಸರಿಮಾಡಲು ಹೋಗಿ ಗಂಟಲು ಕೆಡಿಸಿಕೊಂಡ ಹಾಗೆ.

ಗಂಟು ಮತ್ತು ಬಾಯ್ ಜಿಯನ್ನು 400 ಮಿಲಿ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಬಿಸಿನೀರು ಬೇಡ. ನೆನೆದ ನೀರನ್ನು ಚೆಲ್ಲದೆ ಅದರಲ್ಲೇ ದೊಡ್ಡ ಉರಿಯಲ್ಲಿ ಕುದಿ ಬರಿಸಿ, ಉರಿ ಇಳಿಸಿ, ಮುಚ್ಚಿ ಹದಿನೈದು ನಿಮಿಷ ಇಡಿ. ಕೊನೆಯ ಐದು ನಿಮಿಷ ಇರುವಾಗ ಬೋ ಹೆ ಹಾಕಿ. ಸೋಸಿ. ಅದೇ ಚರಟಕ್ಕೆ 250 ಮಿಲಿ ನೀರು ಹಾಕಿ ಇನ್ನೊಮ್ಮೆ ಹತ್ತು ನಿಮಿಷ ಕುದಿಸಿ ಸೋಸಿ. ಎರಡನ್ನೂ ಬೆರೆಸಿ ಎರಡು ಪಾಲು ಮಾಡಿ. ಬೆಳಿಗ್ಗೆ ಒಂದು, ಸಂಜೆ ಒಂದು, ಊಟವಾದ ಮೇಲೆ, ಬೆಚ್ಚಗೆ. ಯಾನ್ ಯೋಂಗ್‌ಹೆ ಕೂಡ ಊಟದ ನಂತರವೇ ಎನ್ನುತ್ತಾನೆ. ಅವನ ಕಾಲದಲ್ಲಿ ಕುದಿಸುತ್ತಿರಲಿಲ್ಲ, ಒಣಗಿಸಿ ಪುಡಿ ಮಾಡಿ ಎಳೆ ಈರುಳ್ಳಿ ಹಾಕಿದ ಚಹಾದಲ್ಲಿ ಕದಡಿ ಕೊಡುತ್ತಿದ್ದರು.

ಕುಡಿಯುವ ಮೊದಲು ಲೋಟದ ಹಬೆಯನ್ನು ಐದು ನಿಮಿಷ ಮೂಗಿನಿಂದ ಎಳೆದುಕೊಳ್ಳಿ. ಲಾಭದಲ್ಲಿ ಅರ್ಧ ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಕಂಬಳಿ ಹೊದ್ದು ಕುದಿಯುವ ಪಾತ್ರೆಯ ಮೇಲೆ ಬಗ್ಗುವುದು ಬೇಡ, ಲೋಟ ಸಾಕು. ಚಿಕ್ಕ ಮಕ್ಕಳಿಗೆ ಹಬೆ ಕೊಡಲೇಬೇಡಿ, ಸುಟ್ಟುಕೊಳ್ಳುತ್ತಾರೆ.

ಐದರಿಂದ ಏಳು ದಿನ ನೋಡಿ. ಏನೂ ಬದಲಾಗದಿದ್ದರೆ ನಿಲ್ಲಿಸಿ. ಪ್ರಮಾಣ ಹೆಚ್ಚಿಸುವುದು ಉತ್ತರವಲ್ಲ. ರುಚಿ ಖಾರ, ಸ್ವಲ್ಪ ಕಹಿ. ಬೆಲ್ಲ ಹಾಕಿದರೆ ಏನೂ ಮುಳುಗುವುದಿಲ್ಲ.

ಉಷ್ಣದ ಮೂಗಿಗೆ, ಮತ್ತು ಸೇವಂತಿಗೆಯ ತಕರಾರು

ಹಳದಿ ಸಿಂಬಳ, ಗಂಟಲು ಉರಿ ಇರುವವರಿಗೆ ಹನಿಸಕಲ್ ಹೂ ಮತ್ತು ಫೋರ್ಸಿಥಿಯಾ ಕಾಯಿ ಮುಖ್ಯವಾದ ಯಿನ್ ಚಿಯಾವ್ ಕೊಡುತ್ತಾರೆ. ವು ಜುತೋಂಗ್ 1798ರಲ್ಲಿ ಬರೆದಿಟ್ಟ ಯೋಗ. ಇದು ಸಿದ್ಧ ಮಾತ್ರೆಯಾಗಿಯೇ ಸಿಗುತ್ತದೆ, ಮನೆಯಲ್ಲಿ ಕುದಿಸುವ ತಾಪತ್ರಯ ಬೇಡ.

ಜೊತೆಗೆ ಸೇವಂತಿಗೆ ಚಹಾ ಕುಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನಿಂದ ಹೋದವರು ಇಲ್ಲಿ ಎಚ್ಚರ. ನಮ್ಮ ಊರಿನ ಅಲರ್ಜಿಗೆ ದೊಡ್ಡ ಕಾರಣಗಳಲ್ಲಿ ಒಂದು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ಸೇವಂತಿಗೆಯೂ ಅದೂ ಒಂದೇ ಕುಟುಂಬ. ಮೇಲೆ ಹೇಳಿದ ಮರುಳುಮ್ಮತ್ತಿಯೂ ಅದೇ ಕುಟುಂಬ. ಪಾರ್ಥೇನಿಯಂಗೆ ಸೀನುವವರಿಗೆ ಈ ಹೂವಿನ ಚಹಾ ಕುಡಿದರೆ ತುಟಿ ಕಡಿತ, ಸೀನು ಜಾಸ್ತಿ ಆಗಬಹುದು. ಅಲರ್ಜಿಗೆ ಅಂತ ಮಾರುವ ಚೀನೀ ಮಾತ್ರೆಗಳಲ್ಲೂ ಕಾಡು ಸೇವಂತಿಗೆ ಇರುವುದುಂಟು.

ಪದೇ ಪದೇ ಬರುವವರಿಗೆ

ನಿಶ್ಶಕ್ತಿಯ ಸಾಲಿನವರಿಗೆ ಯೂ ಪಿಂಗ್ ಫೆಂಗ್ ಸಾನ್. ಗಾಳಿ ತಡೆಯುವ ಜೇಡ್ ಕಲ್ಲಿನ ಪರದೆ ಎಂಬುದು ಅದರ ಹೆಸರಿನ ಅರ್ಥ. ಹುವಾಂಗ್ ಚಿ, ಬಾಯ್ ಜು, ಫಾಂಗ್ ಫೆಂಗ್ ಎಂಬ ಮೂರು ಬೇರುಗಳು. ಹಳೆಯ ಗ್ರಂಥಗಳಲ್ಲಿ ಪ್ರಮಾಣ ಒಂದೊಂದರಲ್ಲಿ ಒಂದೊಂದು ರೀತಿ. ಈಗಿನ ಚೀನಾದ ಸಿದ್ಧ ಔಷಧಿಯಲ್ಲಿ 3:1:1. ನೀರಿಗೆ ಕದಡಿ ಕುಡಿಯುವ ಹರಳಿನ ಸ್ಯಾಚೆಟ್ ಸಿಗುತ್ತದೆ, ಅದೇ ಸುಲಭ. ಮನೆಯಲ್ಲಿ ಕುದಿಸುವುದಾದರೆ 15, 5, 5 ಗ್ರಾಂ. ಇವು ಬೇರುಗಳು, ವಾಸನೆಯ ಹೂಗಳಲ್ಲ, ಹಾಗಾಗಿ ನಲವತ್ತು ನಿಮಿಷ ನಿಧಾನವಾಗಿ ಕುದಿಯಲಿ.

ಇದು ಮೂಗು ಕಟ್ಟಿದ ದಿನ ಕುಡಿಯುವ ಔಷಧಿ ಅಲ್ಲ. ಸೀನು ಶುರುವಾಗುವ ಕಾಲ ನಿಮಗೆ ಗೊತ್ತಿರುತ್ತದಲ್ಲ, ಅದಕ್ಕಿಂತ ಕೆಲವು ವಾರ ಮೊದಲು. ಜ್ವರ, ಹೊಸ ನೆಗಡಿ ಇರುವಾಗ ಕುಡಿಯಬಾರದು. ಹಾಗೆ ಕುಡಿಯುವುದು ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ ಎಂದು ಅಲ್ಲಿನ ವೈದ್ಯರು ಹೇಳುವ ಮಾತಿದೆ. ಅಂಗಾಂಗ ಕಸಿ ಆದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಿನ್ನುವವರು ಹುವಾಂಗ್ ಚಿ ಮುಟ್ಟಬಾರದು.

ಚೀನಾದಲ್ಲಿ ಇದೇ ಉದ್ದೇಶಕ್ಕೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಉರಿಬಿಸಿಲಿನಲ್ಲಿ ಬೆನ್ನಿಗೆ ಬಿಳಿ ಸಾಸಿವೆಯ ಪಟ್ಟಿ ಹಾಕುತ್ತಾರೆ. ಚಳಿಗಾಲದ ಕಾಯಿಲೆಗೆ ಬೇಸಿಗೆಯಲ್ಲಿ ಚಿಕಿತ್ಸೆ. ಆಸ್ಪತ್ರೆಗಳ ಮುಂದೆ ಸಾಲು ನಿಲ್ಲುತ್ತಾರೆ. ಮನೆಯಲ್ಲಿ ಮಾಡಲು ಹೋಗಬೇಡಿ, ಬೊಬ್ಬೆ ಏಳುತ್ತದೆ.

ಡಬ್ಬಿ ಕೊಳ್ಳುವಾಗ ಪಟ್ಟಿ ಓದಿ

ಹೆಚ್ಚಿನವರು ಕುದಿಸುವುದಿಲ್ಲ, ಮಾತ್ರೆಯ ಡಬ್ಬಿ ಕೊಳ್ಳುತ್ತಾರೆ. ಒಂದೇ ಕಪಾಟಿನಲ್ಲಿ ಇರುವ, ಹೆಸರೂ ಹತ್ತಿರವಿರುವ ಮೂರು ಮಾತ್ರೆಗಳ ಒಳಗೆ ಏನಿದೆ ನೋಡಿ.

ತೋಂಗ್ ಚಿಯಾವ್ ಬಿ ಯಾನ್ ಪಿಯಾನ್ ಎಂಬುದರಲ್ಲಿ ಏಳು ಪದಾರ್ಥ. ಬಿಡಿಸಿ ನೋಡಿದರೆ ಮೇಲಿನ ಮುಖ್ಯ ಕಷಾಯದ ನಾಲ್ಕು, ಯೂ ಪಿಂಗ್ ಫೆಂಗ್ ಸಾನ್‌ನ ಮೂರು, ಅಷ್ಟೇ. ಮೂರರಲ್ಲಿ ನನಗೆ ಒಪ್ಪಿಗೆಯಾಗುವುದು ಇದು. ಆದರೂ ತ್ಸಾಂಗ್ ಅರ್ ತ್ಸ ಇದೆ, ಆದ್ದರಿಂದ ವಾರ ಮೀರಿ ಬೇಡ, ಲಿವರ್ ತೊಂದರೆ ಇರುವವರಿಗೆ ಬೇಡವೇ ಬೇಡ.

ಬಿ ಯಾನ್ ಪಿಯಾನ್‌ನಲ್ಲಿ ಮಾ ಹುವಾಂಗ್ ಮತ್ತು ಶಿ ಶಿನ್ ಎರಡೂ ಇರುತ್ತವೆ. ಮಾ ಹುವಾಂಗ್ ಅಂದರೆ ಎಫೆಡ್ರಾ. ಜಪಾನಿನ ನಾಗಾಯಿ ನಾಗಾಯೋಶಿ 1885ರಲ್ಲಿ ಇದರಿಂದಲೇ ಎಫೆಡ್ರಿನ್ ಬೇರ್ಪಡಿಸಿದರು. ಮೂಗು ನಿಜಕ್ಕೂ ಬಿಡಿಸುವ ಮೂಲಿಕೆ ಇದು, ಆದರೆ ಬಿಪಿ ಏರಿಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಕೆಡುತ್ತದೆ. ಅಮೆರಿಕ 2004ರಲ್ಲಿ ಎಫೆಡ್ರಾ ಇರುವ ಆಹಾರ ಪೂರಕಗಳನ್ನು ನಿಷೇಧಿಸಿತು. ಶಿ ಶಿನ್ ಗಿಡದಲ್ಲಿ ಕಿಡ್ನಿಗೆ ಹಾನಿ ಮಾಡುವ, ಕ್ಯಾನ್ಸರ್ ತರುವ ಅರಿಸ್ಟೊಲೋಕಿಕ್ ಆಮ್ಲ ಇರುತ್ತದೆ. ಬೆಲ್ಜಿಯಂನ ಅನಾಹುತಕ್ಕೆ ಕಾರಣವಾದದ್ದೂ ಇದೇ ಆಮ್ಲ. ಎಲೆಗಳಲ್ಲಿ ಹೆಚ್ಚು, ಬೇರಿನಲ್ಲಿ ಕಡಿಮೆ, ಅದಕ್ಕೇ 2005ರಿಂದ ಚೀನಾದ ಔಷಧ ಕೋಶ ಬೇರಿನ ಭಾಗವನ್ನು ಮಾತ್ರ ಬಳಸಲು ಹೇಳುತ್ತದೆ. ಕೇವಲ ಕಟ್ಟಿದ ಮೂಗಿಗಾಗಿ ಇಷ್ಟು ಅಪಾಯ ಬೇಕೇ? ನಾನಂತೂ ಬೇಡ ಅನ್ನುತ್ತೇನೆ.

ಬಿ ಯಾನ್ ಕಾಂಗ್ ಪಿಯಾನ್ ಇನ್ನೂ ವಿಚಿತ್ರ. ಅದರಲ್ಲಿ ಮಾ ಹುವಾಂಗ್ ಜೊತೆ ಕ್ಲೋರ್‌ಫೆನಿರಮಿನ್ ಇದೆ. ಹೌದು, ನಮ್ಮ ಮೆಡಿಕಲ್ ಶಾಪ್‌ನ ಹಳೆಯ ನೆಗಡಿ ಮಾತ್ರೆಯದೇ, ನಿದ್ದೆ ಬರಿಸುವ ಔಷಧಿ. ಕಳ್ಳತನದಿಂದ ಸೇರಿಸಿದ್ದಲ್ಲ, ಚೀನಾದಲ್ಲಿ ಪಟ್ಟಿಯಲ್ಲಿ ಬರೆದೇ ಮಾರುತ್ತಾರೆ. ಇದರಲ್ಲಿ ಹಂದಿಯ ಪಿತ್ತದ ಪುಡಿಯೂ ಇದೆ, ಸಸ್ಯಾಹಾರಿಗಳು ಗಮನಿಸಿ. "ಗಿಡಮೂಲಿಕೆ ತಾನೇ" ಅಂತ ಇದನ್ನೂ ಸೆಟ್ರಿಜಿನನ್ನೂ ನುಂಗಿ ಗಾಡಿ ಓಡಿಸಿದರೆ ಗತಿ ಏನು?

ಜಪಾನಿಗೆ ಹೋದವರಿಗೆ ಶೋ-ಸೇಯಿರ್ಯು-ತೋ ಸಿಗುತ್ತದೆ. ಸುಮಾರು ಕ್ರಿ.ಶ. 200ರ ಸುಮಾರಿಗೆ ಚೀನಾದ ಜಾಂಗ್ ಜೋಂಗ್‌ಜಿಂಗ್ ಬರೆದ ಯೋಗ. ನೀರು ಸುರಿಯುವ ಮೂಗಿಗೆ ಅಲ್ಲಿನ ವೈದ್ಯರೇ ಬರೆದುಕೊಡುತ್ತಾರೆ, ವಿಮೆಯೂ ಸಿಗುತ್ತದೆ. ಅದರಲ್ಲೂ ಮಾ ಹುವಾಂಗ್, ಶಿ ಶಿನ್ ಇವೆ. ವೈದ್ಯರು ಬಿಪಿ ನೋಡಿ ಕೊಡುವುದಕ್ಕೂ ಕಪಾಟಿನಿಂದ ನಾವೇ ಎತ್ತಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಅತಿಮಧುರವೂ ಇದೆ. ಹೆಚ್ಚು ದಿನ ತಿಂದರೆ ಪೊಟ್ಯಾಸಿಯಂ ಇಳಿದು ಕಾಲು ಊದುತ್ತದೆ.

ಯಾರಿಗೆ ಬೇಡ, ಯಾವಾಗ ವೈದ್ಯರ ಹತ್ತಿರ

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳಿಗೆ ಶುಂಠಿ-ಈರುಳ್ಳಿ ನೀರು ಬಿಟ್ಟು ಇಲ್ಲಿ ಹೇಳಿದ್ದು ಯಾವುದೂ ಬೇಡ. ಬಿಪಿ, ಹೃದಯ, ಥೈರಾಯ್ಡ್, ಪ್ರಾಸ್ಟೇಟ್ ತೊಂದರೆ ಇದ್ದರೆ ಮಾ ಹುವಾಂಗ್ ಇರುವುದು ಬೇಡ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಬಾಯ್ ಜಿ ಕುಡಿಯುವ ಮೊದಲು ವೈದ್ಯರನ್ನು ಕೇಳಿ.

ಒಂದೇ ಕಡೆ ಮೂಗು ಕಟ್ಟಿ ರಕ್ತ ಬಂದರೆ, ಕಣ್ಣಿನ ಸುತ್ತ ಊದಿದರೆ, ಹಳದಿ ಸಿಂಬಳ ಮತ್ತು ಮುಖದ ನೋವು ಹತ್ತು ದಿನವಾದರೂ ಇಳಿಯದಿದ್ದರೆ, ಉಸಿರಿನಲ್ಲಿ ಸಿಳ್ಳೆ ಕೇಳಿದರೆ ಕಷಾಯ ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ಕಷಾಯ ಶುರುಮಾಡಿದ ಮೇಲೆ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ವಾಕರಿಕೆ ಬಂದರೆ ಅದೇ ದಿನ ಹೋಗಬೇಕು. ಹೋಗುವಾಗ ಡಬ್ಬಿ ಅಥವಾ ಉಳಿದ ಮೂಲಿಕೆಯ ಪೊಟ್ಟಣ ಜೊತೆಗಿರಲಿ. "ಏನೋ ಚೀನೀ ಕಷಾಯ" ಅಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಉಳಿದದ್ದನ್ನು ಇಡುವ ವಿಷಯ. ಶಿನ್ ಯಿ ಮೊಗ್ಗು ತೇವ ಹಿಡಿದರೆ ರೋಮದ ಸಂದಿಯಲ್ಲಿ ಬೂಸ್ಟು ಬರುತ್ತದೆ, ಬೂದು ಬಣ್ಣದ ಮೇಲೆ ಅದು ಕಾಣುವುದೂ ಇಲ್ಲ. ಸಿಂಗಾಪುರ, ಮಂಗಳೂರಿನಂಥ ಹವೆಯಲ್ಲಿ ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ, ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ ಫ್ರಿಜ್‌ನಲ್ಲಿಡಿ. ಕುದಿಸಿದ ಕಷಾಯ ಆ ದಿನದ್ದು ಆ ದಿನಕ್ಕೆ, ಮಿಕ್ಕರೆ ಚೆಲ್ಲಿ.